ಹುಲ್ಲು ಬೇಡವೆಂದ ಬೇವಿನ ಅಂಗಳ

ಪ್ರಶ್ನೆ: ನಮ್ಮ ಮನೆ ರಾಯಚೂರಿನಲ್ಲಿದೆ. ಮುಂದೆ ಹದಿನೈದು ಅಡಿ ಅಗಲ, ಇಪ್ಪತ್ತು ಅಡಿ ಉದ್ದದ ಅಂಗಳ, ಅದರ ಒಂದು ಬದಿಗೆ ಇಪ್ಪತ್ತೈದು ವರ್ಷದ ಬೇವಿನ ಮರ. ಮರದ ಕೆಳಗೆ ಎರಡು ಸಲ ಹುಲ್ಲಿನ ಹಾಸು ಹಾಕಿಸಿದೆವು. ಮೊದಲ ತಿಂಗಳು ಕಣ್ಣು ತುಂಬುವಂತಿದ್ದ ಹುಲ್ಲು ಮೂರನೆಯ ತಿಂಗಳಿಗೆ ತೇಪೆ ತೇಪೆಯಾಗಿ ಒಣಗಿತು, ಆರನೆಯ ತಿಂಗಳಿಗೆ ಬರೀ ಮಣ್ಣು ಉಳಿಯಿತು. ನೀರು, ಗೊಬ್ಬರ ಹೆಚ್ಚು ಹಾಕಿದರೂ ಪ್ರಯೋಜನವಾಗಲಿಲ್ಲ. ಮನೆಯ ಉತ್ತರದ ಗೋಡೆಗೂ ಕಾಂಪೌಂಡಿಗೂ ನಡುವೆ ಐದು ಅಡಿ ಅಗಲದ ಓಣಿಯಂಥ ಜಾಗವಿದೆ. ಅಲ್ಲಿಯೂ ಹುಲ್ಲು ನಿಲ್ಲುವುದಿಲ್ಲ, ಪಾಚಿ ಕಟ್ಟುತ್ತದೆ. ನೀರು ಬೋರ್‌ವೆಲ್‌ನದು, ಸ್ವಲ್ಪ ಉಪ್ಪು. ಮರದ ಕೊಂಬೆ ಕಡಿಸಬೇಕೆ? ನೆರಳಿಗೆ ಬೇರೆ ಹುಲ್ಲು ಇದೆಯೆ? ಪ್ಲಾಸ್ಟಿಕ್ ಹುಲ್ಲು ಹಾಸುವುದೇ ಮೇಲೆ? ಅತ್ತೆಯವರು ಅಲ್ಲೊಂದು ತುಳಸಿಯನ್ನಾದರೂ ಬೆಳೆಸಿ ಎನ್ನುತ್ತಾರೆ.
— ಓದುಗರೊಬ್ಬರು, ರಾಯಚೂರು

ಉತ್ತರ: ಮೂರನೆಯ ಸಲ ಹುಲ್ಲು ಹಾಕಿಸಬೇಡಿ. ಉಳಿದ ಮಾತೆಲ್ಲ ಆಮೇಲೆ. ಕೊಪ್ಪಳದ ನಮ್ಮ ಮನೆಯ ಬೇವಿನ ಕೆಳಗೆ ನಾನು ಮೂರು ಸಲ ಹಾಕಿಸಿ ಮೂರು ಸಲವೂ ಸೋತಿದ್ದೇನೆ, ಅದೂ ಬೇರೆಯವರ ತೋಟಗಳಿಗೆ ಸಲಹೆ ಕೊಡುವ ಕೆಲಸದಲ್ಲಿದ್ದುಕೊಂಡು. ಕೊನೆಯ ಸಲ ನರ್ಸರಿಯವನು ‘ಇದು ನೆರಳಿಗೆಂದೇ ಬೆಳೆಸಿದ ತಳಿ’ ಎಂದಿದ್ದ. ಆ ಹುಲ್ಲು ಅವನ ಬಳಿ ಬಟ್ಟಬಯಲಿನ ಬಿಸಿಲಿನಲ್ಲಿ ಹರಡಿಕೊಂಡಿದ್ದುದನ್ನು ಕಣ್ಣಾರೆ ಕಂಡೂ ನಂಬಿದೆ.

ಸುರುಳಿ ಸುತ್ತಿ ಮಾರುವ ಹುಲ್ಲು ಗರಿಕೆಯ ಜಾತಿಯದಾಗಿರಲಿ, ಮೆಕ್ಸಿಕನ್ ಎಂದು ಕರೆಯುವುದಾಗಿರಲಿ, ಬಿಸಿಲಿಗೆ ಹುಟ್ಟಿದ್ದು. ದಿನಕ್ಕೆ ಆರು ತಾಸಾದರೂ ನೇರ ಬಿಸಿಲು ಬಿದ್ದರೆ ಮಾತ್ರ ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವಷ್ಟು ಉಳಿಯುತ್ತದೆ. ನೆರಳಿನಲ್ಲಿ ಅದು ಬೆಳಕು ಹುಡುಕುತ್ತ ತೆಳ್ಳಗೆ, ಉದ್ದಕ್ಕೆ ಏಳುತ್ತದೆ. ಆಗ ಚೆನ್ನಾಗಿ ಕಾಣಲಿ ಎಂದು ನಾವು ಕತ್ತರಿಸುತ್ತೇವೆ, ಅಡುಗೆ ಮಾಡುವ ಎಲೆಯೇ ಹೋಗುತ್ತದೆ. ನೀವು ಕಂಡ ಮೊದಲ ತಿಂಗಳ ಚೆಲುವು ನರ್ಸರಿಯ ಬಿಸಿಲಿನಲ್ಲಿ ಕೂಡಿಟ್ಟುಕೊಂಡು ಬಂದ ಗಂಟು. ಅದನ್ನು ತಿಂದು ಮುಗಿಸಲು ಹುಲ್ಲಿಗೆ ಎರಡು ಮೂರು ತಿಂಗಳು ಹಿಡಿಯಿತು, ಅಷ್ಟೇ.

ಆದರೆ ಕತ್ತಲೆಯ ಮೇಲೆ ಪೂರ್ತಿ ತಪ್ಪು ಹೊರಿಸಿ ಕೈತೊಳೆದುಕೊಳ್ಳುವಂತಿಲ್ಲ. ನಾನು ಸೋತ ಆ ಮೂರನೆಯ ವರ್ಷ ಸಿಟ್ಟಿನಿಂದ ಹಾರೆ ತೆಗೆದುಕೊಂಡು ಸತ್ತ ಹುಲ್ಲಿನ ಒಂದು ತುಂಡನ್ನು ಎಬ್ಬಿದೆ. ಅಡಿಯಲ್ಲಿ ಮಣ್ಣು ಕಾಣಲೇ ಇಲ್ಲ. ತೆಂಗಿನ ನಾರಿನ ಚಾಪೆ ಹಾಸಿದಂತೆ, ದಾರದಷ್ಟು ದಪ್ಪದ ಬೇವಿನ ಎಳೆ ಬೇರುಗಳು ಮೇಲಿನ ನಾಲ್ಕು ಅಂಗುಲದಲ್ಲೇ ಹೆಣೆದುಕೊಂಡಿದ್ದವು. ಹಿಂದಿನ ಸಂಜೆ ಪೈಪು ಬಿಟ್ಟು ತೋಯಿಸಿದ್ದ ಮಣ್ಣು ಬೆಳಗಿನ ಹೊತ್ತಿಗೆ ಬೆರಳಿನಲ್ಲಿ ಪುಡಿಯಾಗುತ್ತಿತ್ತು. ಬೇವು ಆಳಕ್ಕೆ ಬೇರು ಬಿಡುವ ಮರ, ಮೇಲಿನ ನೀರು ಅದಕ್ಕೆ ಬೇಕಿಲ್ಲ ಎಂದು ಬಹಳ ಜನ ತಿಳಿದಿದ್ದಾರೆ, ನಾನೂ ತಿಳಿದಿದ್ದೆ. ಆಳದ ಬೇರು ಬರಗಾಲಕ್ಕೆ. ದಿನದ ಊಟವನ್ನು ಅದು ಮೇಲಿನ ಒಂದೂವರೆ ಎರಡು ಅಡಿಯಲ್ಲೇ ಮುಗಿಸುತ್ತದೆ. ಹುಲ್ಲಿಗೆಂದು ಹಾಕಿದ ನೀರು ಗೊಬ್ಬರ ಎರಡನ್ನೂ ಉಂಡು ನಮ್ಮ ಬೇವು ಆ ವರ್ಷ ಎಂದಿಗಿಂತ ದಟ್ಟವಾಗಿ ಚಿಗುರಿ, ನೆರಳನ್ನು ಇನ್ನಷ್ಟು ಕಪ್ಪು ಮಾಡಿತ್ತು. ನಿಮ್ಮಲ್ಲೂ ಆಗಿರುವುದು ಇದೇ.

ಆದ್ದರಿಂದ ‘ನೆರಳಿಗೆ ಯಾವ ಗಿಡ’ ಎಂದು ನರ್ಸರಿಯಲ್ಲಿ ಕೇಳಿದರೆ ಉತ್ತರ ದಾರಿ ತಪ್ಪುತ್ತದೆ. ನಿಮ್ಮ ಮನೆಯಲ್ಲೇ ಎರಡು ಬಗೆಯ ನೆರಳಿದೆ. ಬೇವಿನ ಕೆಳಗಿನದು ಒಣ ನೆರಳು: ಬೆಳಕು ಕಡಿಮೆ, ನೀರು ಅದಕ್ಕಿಂತ ಕಡಿಮೆ. ಉತ್ತರದ ಗೋಡೆಯ ಬದಿಯದು ಹಸಿ ನೆರಳು: ನೀರು ಆರುವುದಿಲ್ಲ, ಅದಕ್ಕೇ ಪಾಚಿ. ಒಂದಕ್ಕೆ ಒಗ್ಗುವ ಗಿಡ ಇನ್ನೊಂದರಲ್ಲಿ ಸಾಯುತ್ತದೆ. ಬೆಂಗಳೂರಿನ ತೋಟಗಳ ಚಿತ್ರ ನೋಡಿ ಜರೀಗಿಡ ತಂದು ಬೇವಿನ ಕೆಳಗೆ ನೆಟ್ಟವರು ಏಪ್ರಿಲ್ ಬರುವ ಹೊತ್ತಿಗೆ ಅದನ್ನು ಪೊರಕೆಯಿಂದ ಗುಡಿಸುತ್ತಾರೆ. ಅಲ್ಲಿನ ನೆರಳಿನಲ್ಲಿ ತಂಪಿದೆ. ನಮ್ಮ ನೆರಳಿನಲ್ಲೂ ಬಿಸಿ ಗಾಳಿ ಹಾಯುತ್ತದೆ.

ಕೊಂಬೆಯ ಪ್ರಶ್ನೆಯನ್ನು ಬೇಗ ಮುಗಿಸುತ್ತೇನೆ. ಉಷ್ಣತೆ 43, 44 ಡಿಗ್ರಿ ಮುಟ್ಟುವ ಊರಿನಲ್ಲಿ ಹುಲ್ಲಿಗಾಗಿ ಬೇವು ಕಡಿಸುವುದು ಚಪ್ಪಲಿಗಾಗಿ ಕಾಲು ಕತ್ತರಿಸಿಕೊಂಡಂತೆ. ತಲೆ ಬೋಳಿಸಿದರೆ ಅದು ಒಂದೇ ವರ್ಷದಲ್ಲಿ ಪೊದೆಯಂತೆ ಚಿಗುರಿ ಮೊದಲಿಗಿಂತ ದಟ್ಟವಾಗುತ್ತದೆ. ಕೆಳಗೆ ಜೋತು ಬಿದ್ದ ಸಣ್ಣ ಕೊಂಬೆಗಳನ್ನು ತೆಗೆಸಿ, ಎಂಟು ಹತ್ತು ಅಡಿ ಎತ್ತರದವರೆಗೆ ಬುಡ ತೆರವಾದರೆ ಬೆಳಗಿನ, ಸಂಜೆಯ ಓರೆ ಬಿಸಿಲು ಒಳಗೆ ನುಗ್ಗುತ್ತದೆ. ಇಡೀ ಮರದ ಸೊಪ್ಪಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚನ್ನು ಒಂದು ವರ್ಷದಲ್ಲಿ ತೆಗೆಸಬೇಡಿ. ಮರವನ್ನೇ ಉರುಳಿಸುವ ಯೋಚನೆ ಯಾರಿಗಾದರೂ ಬಂದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ಅನುಮತಿ ಕೇಳಬೇಕಾಗುತ್ತದೆ ಎಂದು ನೆನಪಿಸಿ.

ಇನ್ನು ಗಿಡಗಳ ಮಾತು. ಅದಕ್ಕೂ ಮೊದಲು ಒಂದು ಸಣ್ಣ ಕೆಲಸ ಮಾಡಿ. ಮಧ್ಯಾಹ್ನ ಹನ್ನೆರಡೂವರೆಗೆ ಒಂದು ಬಿಳಿ ಕಾಗದವನ್ನು ನೆಲದ ಮೇಲಿಟ್ಟು, ಅದರ ಮೇಲೆ ಒಂದು ಅಡಿ ಎತ್ತರದಲ್ಲಿ ಅಂಗೈ ಹಿಡಿಯಿರಿ. ಬೆರಳುಗಳ ನೆರಳು ಬೇರೆ ಬೇರೆಯಾಗಿ ಚೂಪಾಗಿ ಕಂಡರೆ ಅದು ಬೆಳಕಿರುವ ಅಂಚು. ಕೈಯ ಆಕಾರ ಮಸುಕಾಗಿ ಕಂಡು ಬೆರಳು ಎಣಿಸಲಾಗದಿದ್ದರೆ ಅರೆ ನೆರಳು. ಏನೂ ಕಾಣದಿದ್ದರೆ ಗಾಢ ನೆರಳು. ಅಂಗಳದಲ್ಲಿ ಹತ್ತು ಕಡೆ ಹೀಗೆ ಹಿಡಿದು ನೋಡಿ, ಸುಣ್ಣದ ಪುಡಿಯಿಂದ ಗೆರೆ ಎಳೆಯಿರಿ. ಬೇವಿನ ಎಲೆ ಚಿಕ್ಕದು, ಸಂದು ಹೆಚ್ಚು. ಆದ್ದರಿಂದ ನಿಮ್ಮ ಅಂಗಳದ ಹೆಚ್ಚಿನ ಭಾಗ ಅರೆ ನೆರಳೇ ಆಗಿರುತ್ತದೆ. ಹುಣಸೆಯೋ ಆಲವೋ ಆಗಿದ್ದರೆ ನನ್ನ ಉತ್ತರ ಇಷ್ಟು ಧೈರ್ಯದ್ದಾಗಿರುತ್ತಿರಲಿಲ್ಲ.

ಒಣ ಅರೆ ನೆರಳಿಗೆ ನಾನು ಮೊದಲು ಕೈ ಹಾಕುವುದು ರಿಯೊ ಗಿಡಕ್ಕೆ, ಅದರಲ್ಲೂ ಗಿಡ್ಡ ತಳಿಗೆ. ಎಲೆಯ ಮೇಲ್ಭಾಗ ಹಸಿರು, ಕೆಳಭಾಗ ನೇರಳೆ. ಬುಡದಲ್ಲಿ ಪುಟ್ಟ ದೋಣಿಯಂಥ ತೊಟ್ಟಿಲು, ಅದರೊಳಗೆ ಅಕ್ಕಿಕಾಳಿಗಿಂತ ತುಸು ದೊಡ್ಡ ಬಿಳಿ ಹೂ. ಬಗ್ಗಿ ನೋಡದವರಿಗೆ ಆ ಹೂ ಎಂದೂ ಕಾಣುವುದಿಲ್ಲ. ಗೇಣು ಎತ್ತರಕ್ಕೆ ನಿಂತು ಪಕ್ಕದಲ್ಲಿ ಮರಿ ಹಾಕುತ್ತ ಹೋಗುತ್ತದೆ. ಎಲೆಯಲ್ಲಿ ನೀರು ಹಿಡಿದಿಟ್ಟುಕೊಳ್ಳುವ ಗುಣವಿರುವುದರಿಂದ ಬೇವಿನೊಂದಿಗಿನ ಪೈಪೋಟಿಯಲ್ಲಿ ಬಾಳುತ್ತದೆ. ಅದರ ರಸ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ, ಬಿಡಿಸುವಾಗ ಕೈಗವಸು ಇರಲಿ. ಇದೇ ಬಳಗದ, ಪೂರ್ತಿ ನೇರಳೆ ಎಲೆಯ ಹಬ್ಬುವ ಗಿಡವನ್ನು ನೀವು ರಸ್ತೆ ವಿಭಜಕಗಳಲ್ಲಿ ನೋಡಿರುತ್ತೀರಿ; ಅದು ಬೆಳಕಿರುವ ಅಂಚಿಗೆ ಸರಿ, ಒಳಗೆ ನೆಟ್ಟರೆ ಬಣ್ಣ ಕಳೆದುಕೊಂಡು ಬೂದು ಹಸಿರಾಗುತ್ತದೆ.

ಬುಡಕ್ಕೆ ಹತ್ತಿರವಿರುವ ಗಾಢ ನೆರಳಿಗೆ ಗಿಡ್ಡ ಜಾತಿಯ ಸ್ನೇಕ್ ಪ್ಲಾಂಟ್. ಹಕ್ಕಿಗೂಡಿನಂತೆ ಗುಂಡಗೆ ಕೂರುವ ತಳಿಯನ್ನೇ ಕೇಳಿ, ಮೂರಡಿ ಉದ್ದ ಬೆಳೆಯುವುದು ನೆಲಹೊದಿಕೆಗೆ ಬೇಡ. ಇದು ಬೆಳೆಯುವುದು ಆಮೆಯ ವೇಗದಲ್ಲಿ. ಆದರೆ ನೀವು ಬೇಸಿಗೆ ರಜೆಗೆ ಹದಿನೈದು ದಿನ ಊರಿಗೆ ಹೋಗಿ ಬಂದರೂ ಇದ್ದಲ್ಲೇ ಇರುತ್ತದೆ.

ಸ್ಪೈಡರ್ ಪ್ಲಾಂಟ್ ಎಂಬ ಬಿಳಿ ಗೆರೆಯ ಹುಲ್ಲಿನಂಥ ಗಿಡವನ್ನು ಎಲ್ಲರೂ ಹೇಳುತ್ತಾರೆ. ನಾನು ನಿಮಗೆ ಅಳೆದೂ ಸುರಿದೂ ಹೇಳುತ್ತೇನೆ. ರಾಯಚೂರು, ಕೊಪ್ಪಳ, ಬಳ್ಳಾರಿಯ ಬಹಳ ಊರುಗಳ ಅಂತರ್ಜಲದಲ್ಲಿ ಫ್ಲೋರೈಡ್ ಇದೆ, ಮತ್ತು ಈ ಗಿಡಕ್ಕೆ ಫ್ಲೋರೈಡ್ ಆಗುವುದಿಲ್ಲ. ನೀರು ಎಷ್ಟೇ ಕೊಡಿ, ಎಲೆಯ ತುದಿ ಬೆಂಕಿ ತಾಗಿದಂತೆ ಕಂದಾಗುತ್ತದೆ. ನೀರು ಸಾಲದೆಂದು ಇನ್ನಷ್ಟು ಹಾಕುತ್ತೀರಿ, ಇನ್ನಷ್ಟು ಕಂದಾಗುತ್ತದೆ. ಮಳೆ ನೀರು ಕೂಡಿಡುವ ತೊಟ್ಟಿ ಮನೆಯಲ್ಲಿದ್ದರೆ ನೆಡಿ, ಬೋರ್‌ವೆಲ್ ಒಂದೇ ಆಸರೆಯಾದರೆ ಬಿಟ್ಟುಬಿಡಿ.

ಬೆಳಗಿನ ಬಿಸಿಲು ಎರಡು ಮೂರು ತಾಸು ಬೀಳುವ ಪೂರ್ವದ ಅಂಚಿಗೆ ನನ್ನ ಆಯ್ಕೆ ಅಬ್ಬಲಿಗೆ. ಕನಕಾಂಬರ ಎಂದು ಅಂಗಡಿಯಲ್ಲಿ ಕೊಳ್ಳುವ ಅದೇ ಹೂ. ಇದನ್ನು ನೆಲಹೊದಿಕೆ ಎಂದು ಪುಸ್ತಕಗಳು ಹೇಳುವುದಿಲ್ಲ, ನಾನು ಹೇಳುತ್ತೇನೆ. ಅಡಿಗೊಂದರಂತೆ ಒತ್ತಾಗಿ ನೆಟ್ಟು, ಹೂ ಮುಗಿದಾಗಲೆಲ್ಲ ಮೊಣಕಾಲಿಗಿಂತ ಕೆಳಗೆ ಕತ್ತರಿಸುತ್ತ ಬಂದರೆ ಕಡು ಹಸಿರಿನ ದಿಂಡು ಕಟ್ಟುತ್ತದೆ. ಹೂವಿನ ದಿಂಡನ್ನು ಬೆಳಿಗ್ಗೆ ಅತ್ತೆಯವರು ಬಿಡಿಸಿಕೊಳ್ಳಬಹುದು. ಅದರ ಪಕ್ಕದಲ್ಲೇ ದೊಡ್ಡಪತ್ರೆಯ ನಾಲ್ಕು ಕಡ್ಡಿ ಚುಚ್ಚಿ. ಮಗುವಿಗೆ ಕೆಮ್ಮು ಬಂದ ರಾತ್ರಿ ಅದರ ಬೆಲೆ ಗೊತ್ತಾಗುತ್ತದೆ. ಅತಿ ನೀರು ಹಾಕಿದರೆ ಮಾತ್ರ ಬುಡ ಕೊಳೆಯುತ್ತದೆ.

ಹುಲ್ಲೇ ಬೇಕೆಂಬ ಹಟ ಯಾರಿಗಾದರೂ ಉಳಿದಿದ್ದರೆ, ದಿನಕ್ಕೆ ನಾಲ್ಕು ತಾಸು ಬಿಸಿಲು ಬೀಳುವ ಕಡೆ ಬಫೆಲೊ ಹುಲ್ಲು ಎಂಬ ಅಗಲ ಎಲೆಯ ಜಾತಿ ನಿಲ್ಲಬಹುದು. ಮೂರು ಅಂಗುಲಕ್ಕಿಂತ ಗಿಡ್ಡ ಕತ್ತರಿಸಬಾರದು, ನೀರು ತಪ್ಪಬಾರದು. ನಿಮ್ಮ ಅಂಗಳ ಮುನ್ನೂರು ಚದರ ಅಡಿ. ಅದಕ್ಕೆ ಒಂದು ಅಂಗುಲ ನೀರು ಕೊಡಲು ಸುಮಾರು 700 ಲೀಟರ್ ಬೇಕು; ಬೇಸಿಗೆಯಲ್ಲಿ ನಾಲ್ಕೈದು ದಿನಕ್ಕೊಮ್ಮೆ ಅಷ್ಟು ಸುರಿಯಬೇಕು, ಅದರಲ್ಲಿ ದೊಡ್ಡ ಪಾಲು ಬೇವಿಗೆ. ಕುಡಿಯುವ ನೀರಿಗೆ ಕೊಡಗಳು ಸಾಲುಗಟ್ಟಿ ನಿಲ್ಲುವ ಓಣಿಯಲ್ಲಿ ನಾನಂತೂ ಹಾಗೆ ಮಾಡಲಾರೆ.

ಹಳದಿ ಹೂವಿನ ವೆಡೇಲಿಯವನ್ನು ಯಾರೋ ಪುಕ್ಕಟೆ ಕೊಡಲು ಬರುತ್ತಾರೆ. ಬೇಡ ಎನ್ನಿ. ಗೆಣ್ಣು ಮುಟ್ಟಿದಲ್ಲೆಲ್ಲ ಬೇರು ಬಿಡುವ ಗಿಡ ಅದು. ನಿಮ್ಮ ಅಂಗಳದಿಂದ ಚರಂಡಿಗೆ, ಚರಂಡಿಯಿಂದ ಹೊಲದ ಕಾಲುವೆಗೆ ಇಳಿದರೆ ತೆಗೆಯುವವರಿಲ್ಲ.

ನೆಡುವ ಕಾಲ ಗಿಡಕ್ಕಿಂತ ಮುಖ್ಯ. ಯುಗಾದಿಯ ಹುರುಪಿನಲ್ಲಿ ನೆಟ್ಟ ಗಿಡ ಬಸವ ಜಯಂತಿಯ ಹೊತ್ತಿಗೆ ಬಾಡುತ್ತದೆ. ಆರಿದ್ರಾ ಮಳೆ ಬಿದ್ದ ಮೇಲೆ ಹುಬ್ಬಾ ಮಳೆಯೊಳಗೆ, ಅಂದರೆ ಜೂನ್ ಕೊನೆಯಿಂದ ಸೆಪ್ಟೆಂಬರ್ ಮೊದಲ ವಾರಗಳವರೆಗೆ ನೆಡಿ. ನಮ್ಮ ಭಾಗದಲ್ಲಿ ಸೆಪ್ಟೆಂಬರ್‌ನಲ್ಲೇ ಮಳೆ ಹೆಚ್ಚು. ಆ ತೇವದಲ್ಲಿ ಬೇರು ಇಳಿಸಿ, ಚಳಿಗಾಲದಲ್ಲಿ ಸುಧಾರಿಸಿಕೊಂಡು, ಮೊದಲ ಬೇಸಿಗೆಯನ್ನು ಎದುರಿಸಲು ಗಿಡಕ್ಕೆ ಆರೇಳು ತಿಂಗಳ ಅವಕಾಶ ಸಿಗುತ್ತದೆ.

ನೆಲ ಅಗೆಯಬೇಡಿ. ಹುಲ್ಲು ಹಾಕಿದವರು ಬಹುಶಃ ಗುದ್ದಲಿಯಿಂದ ಇಡೀ ನೆಲ ಅಗೆದು ಮೇಲೆ ನಾಲ್ಕಾರು ಅಂಗುಲ ಕೆಂಪು ಮಣ್ಣು ಸುರಿದಿರುತ್ತಾರೆ. ಮರದ ಮೇಲ್ಬೇರು ಕತ್ತರಿಸುವುದೂ ತಪ್ಪು, ಅದನ್ನು ಹೂಳುವುದೂ ತಪ್ಪು. ಬೇರಿಗೆ ಉಸಿರು ಬೇಕು. ಕುರುಪಿ ಹಿಡಿದು ಮಂಡಿಯೂರಿ, ಬೇರು ಬೇರಿನ ನಡುವೆ ಎಲ್ಲಿ ಮಣ್ಣು ಮೆತ್ತಗಿದೆಯೋ ಅಲ್ಲಿ ಚೊಂಬು ಕೂರುವಷ್ಟು ಗುಂಡಿ ಮಾಡಿ. ಹೆಬ್ಬೆರಳಿಗಿಂತ ದಪ್ಪದ ಬೇರು ಅಡ್ಡ ಬಂದರೆ ಗುಂಡಿಯನ್ನೇ ಸರಿಸಿ. ಸಾಲು ನೇರವಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆ ಗುಂಡಿಯಲ್ಲಿ ಎರಡು ಹಿಡಿ ಹಳೆಯ ಕೊಟ್ಟಿಗೆ ಗೊಬ್ಬರ, ಚಿಕ್ಕ ಪಾಕೀಟಿನ ಎಳೆ ಗಿಡ. ದೊಡ್ಡ ಕುಂಡದ ಗಿಡ ತಂದರೆ ದೊಡ್ಡ ಗುಂಡಿ ಬೇಕಾಗುತ್ತದೆ, ದೊಡ್ಡ ಗುಂಡಿಗೆ ಬೇರು ಕತ್ತರಿಸಬೇಕಾಗುತ್ತದೆ. ಬೀಜ ಚೆಲ್ಲುವುದು ಬೇವಿನ ಕೆಳಗೆ ಫಲಿಸುವುದಿಲ್ಲ, ಬೇರು ಬಿಟ್ಟ ಗಿಡವನ್ನೇ ನೆಡಿ.

ಅಡಿಗೊಂದು ಗಿಡವೆಂದರೂ ಮುನ್ನೂರು ಗಿಡ, ಒಂಬತ್ತು ಅಂಗುಲಕ್ಕೊಂದೆಂದರೆ ಐನೂರು ದಾಟುತ್ತದೆ. ಅಷ್ಟನ್ನೂ ಕೊಳ್ಳಬೇಡಿ. ನಲವತ್ತು ಗಿಡ ತನ್ನಿ, ಒಂದು ಮೂಲೆಯಲ್ಲಿ ಒತ್ತಾಗಿ ನೆಡಿ. ರಿಯೊ ಮರಿ ಹಾಕುತ್ತದೆ, ದೊಡ್ಡಪತ್ರೆ ಕಡ್ಡಿಯಿಂದ ಬರುತ್ತದೆ. ಮುಂದಿನ ಮಳೆಗಾಲಕ್ಕೆ ಅವುಗಳ ಮಕ್ಕಳನ್ನೇ ಬಿಡಿಸಿ ನೆಟ್ಟು ಮುಂದಕ್ಕೆ ಸಾಗಿ. ಎರಡು ವರ್ಷದಲ್ಲಿ ಅಂಗಳ ಮುಚ್ಚುತ್ತದೆ. ಆ ಎರಡು ವರ್ಷ ನೆಂಟರು ‘ಇದೇನು, ಅರ್ಧ ಬಿಟ್ಟಿದ್ದೀರಲ್ಲ’ ಎನ್ನುತ್ತಾರೆ.

ಗಿಡಗಳ ನಡುವಿನ ಬರಿ ನೆಲಕ್ಕೆ ಹೊದಿಕೆ ಬೇಕು. ನಮ್ಮ ಕಡೆ ಶೇಂಗಾ ಹೊಟ್ಟು ಸಿಗುತ್ತದೆ, ಅಕ್ಕಿ ಗಿರಣಿಗಳ ಉಮಿ ಸಿಗುತ್ತದೆ. ಎರಡೂ ಒಳ್ಳೆಯವೇ, ಉಮಿ ಗಾಳಿಗೆ ಹಾರುವುದರಿಂದ ಗೊಬ್ಬರದ ಜೊತೆ ಬೆರೆಸಿ ತೇವ ಮಾಡಿ ಹರಡಿ. ಎರಡು ಅಂಗುಲ ಸಾಕು, ಬೇವಿನ ಕಾಂಡದಿಂದ ಒಂದು ಗೇಣು ದೂರವಿರಲಿ. ಗೆದ್ದಲಿನ ಗೂಡು ಕಂಡರೆ ಶೇಂಗಾ ಹೊಟ್ಟು ನಿಲ್ಲಿಸಿ. ಗಿರಣಿಯ ಉಮಿ ಬೂದಿಯನ್ನು ಮಾತ್ರ ಹಾಕಬೇಡಿ. ನಮ್ಮ ಎರೆ ಮಣ್ಣು ಮೊದಲೇ ಕ್ಷಾರದ್ದು, ಬೂದಿ ಅದನ್ನು ಇನ್ನಷ್ಟು ಕ್ಷಾರಕ್ಕೆ ತಳ್ಳುತ್ತದೆ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆಯ ಗುರುತು. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಸುಣ್ಣ ಅದನ್ನು ಹಿಡಿದಿಟ್ಟಿರುತ್ತದೆ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, ಒಂದು ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ, ಹದಿನೈದು ದಿನ ಬಿಟ್ಟು ಇನ್ನೊಮ್ಮೆ. ಗೋಡೆಗೆ, ಫರಸಿಗೆ ಸಿಡಿದರೆ ತುಕ್ಕಿನ ಕಲೆ ಹೋಗುವುದಿಲ್ಲ, ಹುಷಾರು.

ನೀರಿನ ವಿಷಯದಲ್ಲಿ ನನಗೆ ಹೆಚ್ಚು ಕಲಿಸಿದ್ದು ಒಂದು ಮಣ್ಣಿನ ಗಡಿಗೆ. ಹೊಳಪು ಹಚ್ಚದ ಚಿಕ್ಕ ಗಡಿಗೆಗಳನ್ನು ಕುತ್ತಿಗೆ ಮಾತ್ರ ಕಾಣುವಂತೆ ಗಿಡಗಳ ನಡುವೆ ಹೂತು, ನೀರು ತುಂಬಿ, ಸೊಳ್ಳೆ ಇಳಿಯದಂತೆ ಮುಚ್ಚಳ ಹಾಕಿದ್ದೆ. ಜಿನುಗುವ ನೀರು ಮೂರು ನಾಲ್ಕು ದಿನ ಬರುತ್ತಿತ್ತು, ಮೇಲಿನ ಮಣ್ಣು ಒಣಗಿರುತ್ತಿದ್ದುದರಿಂದ ಕಳೆ ಏಳುತ್ತಿರಲಿಲ್ಲ. ವರ್ಷವಾದ ಮೇಲೆ ಒಂದು ಗಡಿಗೆ ಒಂದೇ ದಿನಕ್ಕೆ ಖಾಲಿಯಾಗತೊಡಗಿತು. ಒಡೆದಿದೆ ಎಂದುಕೊಂಡು ಎತ್ತಿದೆ. ಒಡೆದಿರಲಿಲ್ಲ. ಬೇವಿನ ಬೇರುಗಳು ಅದರ ಹೊಟ್ಟೆಯ ಸುತ್ತ ಬಲೆ ಹೆಣೆದು, ಮಣ್ಣಿನ ಗೋಡೆಗೆ ಬಾಯಿ ಹಚ್ಚಿ ಕುಡಿಯುತ್ತಿದ್ದವು. ಬಲೆಯ ಗುರುತು ಗಡಿಗೆಯ ಮೇಲೆ ಈಗಲೂ ಇದೆ. ಗಡಿಗೆ ಬೇಡ ಎನ್ನುತ್ತಿಲ್ಲ. ಮೊದಲ ವರ್ಷ, ಗಿಡ ಬೇರೂರುವವರೆಗೆ ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಆಮೇಲೆ ಜಾಗ ಬದಲಿಸುತ್ತಿರಿ.

ಮೊದಲ ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ, ಎರಡನೆಯ ಬೇಸಿಗೆಯಿಂದ ವಾರಕ್ಕೊಮ್ಮೆ ನೀರು ಕೊಟ್ಟರೆ ರಿಯೊ, ಸ್ನೇಕ್ ಪ್ಲಾಂಟ್ ಸುಧಾರಿಸುತ್ತವೆ. ದಿನವೂ ಸ್ವಲ್ಪ ಸ್ವಲ್ಪ ಚಿಮುಕಿಸುವುದಕ್ಕಿಂತ ಒಮ್ಮೆಗೆ ಒಂದು ಗೇಣು ಆಳ ನೆನೆಯುವಂತೆ ಕೊಡಿ. ಶುದ್ಧ ನೀರಿನ ಯಂತ್ರ ಹೊರಗೆ ಬಿಡುವ ನೀರನ್ನು ‘ಹಾಳು ಮಾಡುವುದೇಕೆ’ ಎಂದು ಗಿಡಕ್ಕೆ ಹಾಕುವವರನ್ನು ಬಹಳ ಕಂಡಿದ್ದೇನೆ. ಬೋರ್‌ವೆಲ್‌ನ ಉಪ್ಪು ಅದರಲ್ಲಿ ಮತ್ತಷ್ಟು ಗಟ್ಟಿಯಾಗಿ ಸೇರಿರುತ್ತದೆ. ನೆಲ ಒರೆಸಿ, ಶೌಚಾಲಯಕ್ಕೆ ಬಳಸಿ, ಗಿಡಕ್ಕೆ ಬೇಡ. ಬಟ್ಟೆ ಒಗೆದ ನೀರೂ ಬೇಡ. ಸೋಪಿನ ಪುಡಿಯ ಸೋಡಿಯಂ ಎರೆ ಮಣ್ಣಿನ ಕಣಗಳನ್ನು ಬಿಡಿಸಿ ನೆಲವನ್ನು ಹಂಚಿನಂತೆ ಬಿಗಿ ಮಾಡುತ್ತದೆ. ಅಕ್ಕಿ, ತರಕಾರಿ ತೊಳೆದ ನೀರು ಧಾರಾಳವಾಗಿ ಹಾಕಿ. ಮಳೆಗಾಲದಲ್ಲಿ ತಾರಸಿಯ ಪೈಪನ್ನು ಅಂಗಳಕ್ಕೆ ತಿರುಗಿಸಿ: ಸಾವಿರ ಚದರ ಅಡಿ ತಾರಸಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 900 ಲೀಟರ್ ದಾಟುತ್ತದೆ, ಬೇಸಿಗೆಯಿಡೀ ಮಣ್ಣಿನಲ್ಲಿ ಕೂಡಿದ ಉಪ್ಪನ್ನು ಅದು ಕೆಳಗೆ ತೊಳೆಯುತ್ತದೆ.

ಬೇವು ಎಲೆ ಉದುರಿಸುವುದು ಮಾಘ ಫಾಲ್ಗುಣದಲ್ಲಿ. ಹುಲ್ಲಿದ್ದಾಗ ಪ್ರತಿ ಎಲೆಯನ್ನೂ ಹೆಕ್ಕಬೇಕಿತ್ತು. ನೆಲಹೊದಿಕೆ ಬಂದ ಮೇಲೆ ಎಲೆ ಅದರ ಸಂದಿನಲ್ಲಿ ಇಳಿದು ಅಲ್ಲೇ ಗೊಬ್ಬರವಾಗುತ್ತದೆ. ದಿನಕ್ಕೊಮ್ಮೆ ಕಡ್ಡಿಪೊರಕೆಯನ್ನು ಮೇಲಿಂದ ಹಗುರವಾಗಿ ಆಡಿಸಿದರೆ ಮುಗಿಯಿತು. ಬೆಂಕಿ ಹಚ್ಚುವ ಅಭ್ಯಾಸವಿದ್ದರೆ ಬಿಡಿ. ಮಳೆಗಾಲದ ಮೊದಲಿಗೆ ಉದುರುವ ಬೇವಿನ ಹಣ್ಣಿನಿಂದ ಸಾವಿರ ಸಸಿ ಏಳುತ್ತವೆ, ಎರಡು ಎಲೆ ಇರುವಾಗಲೇ ಕಿತ್ತರೆ ಬರುತ್ತವೆ. ಮೊಣಕಾಲೆತ್ತರ ಬಿಟ್ಟರೆ ಹಾರೆ ಬೇಕು.

ಹಾವಿನ ಭಯವನ್ನು ನೀವು ಬರೆದಿಲ್ಲ, ಆದರೆ ಮನೆಯಲ್ಲಿ ಯಾರಾದರೂ ಕೇಳುತ್ತಾರೆ. ಹಾವು ಬರುವುದು ಇಲಿ ಕಪ್ಪೆಗೆ. ಹೊದಿಕೆ ಗೇಣಿಗಿಂತ ಎತ್ತರವಾಗದಂತೆ ನೋಡಿಕೊಳ್ಳಿ. ಅಬ್ಬಲಿಗೆ ಗೇಟಿನ ಕಡೆ ಇರಲಿ, ಬಾಗಿಲ ಬಳಿ ಬೇಡ. ಮುಂದಿನ ಅಂಗಳದಲ್ಲಿ ಮನೆಯ ಗೋಡೆಯಿಂದ ಮೂರು ಅಡಿ, ನಡೆಯುವ ದಾರಿಯ ಎರಡೂ ಬದಿ ಒಂದೊಂದು ಅಡಿ ನೆಲ ಬರಿದಾಗಿರಲಿ, ಅಲ್ಲಿ ಗರಸು ಹಾಸಿ. ಕತ್ತಲಾದ ಮೇಲೆ ಚಪ್ಪಲಿ, ಟಾರ್ಚು. ಇಟ್ಟಿಗೆ ರಾಶಿ, ಹಳೆಯ ಕಟ್ಟಿಗೆ ಮೂಲೆಯಲ್ಲಿದ್ದರೆ ಮೊದಲು ಅದನ್ನು ಸಾಗಿಸಿ. ಚೇಳಿಗೂ ಅದೇ ಮನೆ.

ಉತ್ತರದ ಓಣಿಗೆ ಬರೋಣ. ಅಲ್ಲಿ ಒಂದು ಮೋಸವಿದೆ, ಬಹಳ ಜನ ಬೀಳುವ ಮೋಸ. ರಾಯಚೂರು ಇರುವುದು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಹತ್ತು ಅಡಿ ಗೋಡೆಯ ನೆರಳು ನಡು ಮಧ್ಯಾಹ್ನವೂ ಉತ್ತರಕ್ಕೆ ಎಂಟು ಅಡಿ ಚಾಚುತ್ತದೆ, ನಿಮ್ಮ ಐದು ಅಡಿ ಓಣಿ ಪೂರ್ತಿ ಮುಳುಗುತ್ತದೆ. ಅದನ್ನು ನೋಡಿ ‘ಇಲ್ಲಿ ಬಿಸಿಲೇ ಇಲ್ಲ’ ಎಂದು ತಂಪಿನ ಗಿಡ ನೆಡುತ್ತೇವೆ. ಆದರೆ ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ಮಧ್ಯಾಹ್ನದ ಸೂರ್ಯ ನಿಮ್ಮ ನೆತ್ತಿಯನ್ನು ದಾಟಿ ಉತ್ತರಕ್ಕೆ ಹೋಗಿರುತ್ತಾನೆ. ಒಂಬತ್ತು ತಿಂಗಳು ನೆರಳಿನಲ್ಲಿ ಮೆತ್ತಗೆ ಬೆಳೆದ ಎಲೆಯ ಮೇಲೆ ಮೇ ತಿಂಗಳ ಬಿಸಿಲು ನೇರ ಬೀಳುತ್ತದೆ, ಮೂರೇ ದಿನಕ್ಕೆ ಎಲೆ ಬೆಂದ ಕಾಗದ. ‘ನೆರಳಿನ ಗಿಡ, ನೆರಳಿನಲ್ಲೇ ಸುಟ್ಟಿತು’ ಎಂದು ಫೋನ್ ಮಾಡಿದವರಿಗೆಲ್ಲ ನಾನು ಕೇಳುವ ಮೊದಲ ಪ್ರಶ್ನೆ: ಉತ್ತರದ ಗೋಡೆಯೆ? ಉಪಾಯ ಸುಲಭ. ಗೋಡೆಯಿಂದ ಕಾಂಪೌಂಡಿಗೆ ನಾಲ್ಕು ತಂತಿ ಎಳೆದಿಡಿ, ಏಪ್ರಿಲ್ ಕೊನೆಗೆ ಐವತ್ತು ಶೇಕಡಾ, ಅಂದರೆ ಅರ್ಧ ಬಿಸಿಲು ತಡೆಯುವ ನೆರಳಿನ ಬಲೆ ಕಟ್ಟಿ, ಮುಂಗಾರಿನ ಮೋಡ ಕವಿದ ಮೇಲೆ ಬಿಚ್ಚಿ.

ಅಷ್ಟು ಮಾಡಿದರೆ ಆ ಓಣಿ ನಿಮ್ಮ ಮನೆಯ ಅತ್ಯುತ್ತಮ ಜಾಗವಾಗುತ್ತದೆ. ಮರದ ಬೇರು ಅಲ್ಲಿಯವರೆಗೆ ಬಂದಿಲ್ಲ ಎಂಬುದಕ್ಕೆ ಪಾಚಿಯೇ ಸಾಕ್ಷಿ. ಒಂದೆಲಗ ಹಬ್ಬಿಸಿ, ತೇವವಿದ್ದರೆ ಆರು ತಿಂಗಳಲ್ಲಿ ನೆಲ ಮುಚ್ಚುತ್ತದೆ, ವಾರಕ್ಕೊಮ್ಮೆ ತಂಬುಳಿಗೂ ಆಗುತ್ತದೆ. ಬಟ್ಟೆ ಒಗೆದ ನೀರು ಅಲ್ಲಿಗೆ ಹರಿಯುತ್ತಿದ್ದರೆ ತಿನ್ನಬೇಡಿ. ನಡೆದಾಡುವ ಕಡೆ ಫರಸಿ ಕಲ್ಲುಗಳನ್ನು ಎರಡು ಮೂರು ಅಂಗುಲ ಸಂದು ಬಿಟ್ಟು ಹಾಸಿ, ಸಂದಿನಲ್ಲಿ ಮೊಂಡೊ ಹುಲ್ಲು ನೆಡಿ. ಹೆಸರಿನಲ್ಲಿ ಹುಲ್ಲಿದ್ದರೂ ಅದು ಹುಲ್ಲಿನ ಕುಲದ್ದಲ್ಲ, ಕತ್ತರಿಸುವ ಕೆಲಸವಿಲ್ಲ. ಮೊದಲ ವರ್ಷ ಸತ್ತಂತೆ ಕೂತು, ಎರಡನೆಯ ವರ್ಷ ತುಂಬುತ್ತದೆ. ಗೋಡೆಯ ಮಗ್ಗುಲಿಗೆ ವೀಳ್ಯದೆಲೆಯ ಒಂದು ಬಳ್ಳಿ ಏರಲಿ. ಮನಿ ಪ್ಲಾಂಟ್, ಸಿಂಗೋನಿಯಮ್ ನೆಲದಲ್ಲಿ ಸೊಗಸಾಗಿ ಹರಡುತ್ತವೆ, ಆದರೆ ಎಲೆ ಕಚ್ಚಿದರೆ ಬಾಯಿ ಉರಿಯುತ್ತದೆ. ಅಂಬೆಗಾಲಿಡುವ ಮಗುವಿದ್ದರೆ ಕುಂಡದಲ್ಲಿ ಎತ್ತರಕ್ಕಿಡಿ. ಈಗ ಇರುವ ಪಾಚಿಯನ್ನು ಕೆರೆದು ತೆಗೆಯುವ ಮೊದಲು ನೀರು ಎಲ್ಲಿಂದ ಬಂದು ನಿಲ್ಲುತ್ತಿದೆ ಎಂದು ನೋಡಿ, ಚರಂಡಿಯ ಕಡೆಗೆ ಸ್ವಲ್ಪ ಇಳಿಜಾರು ಕೊಡಿ. ಒಂದೆಲಗಕ್ಕೆ ತೇವ ಬೇಕು, ಕೆಸರು ಬೇಡ.

ಬೇವಿನ ಬುಡದ ಸುತ್ತ ಐದಾರು ಅಡಿಯನ್ನು ನಾನು ನಿಮ್ಮ ಜಾಗದಲ್ಲಿದ್ದರೆ ಗಿಡವಿಲ್ಲದೆ ಬಿಡುತ್ತಿದ್ದೆ. ಅಂಗಳವೆಲ್ಲ ಹಸಿರಾಗಿರಬೇಕೆಂಬ ಆಸೆ ನಮ್ಮ ಮನೆಗಳಿಗೆ ಈಚೆಗೆ ಬಂದದ್ದು. ನಮ್ಮಜ್ಜಿಯ ಅಂಗಳದಲ್ಲಿ ಸಗಣಿ ಸಾರಿಸಿದ ನೆಲ, ಅದರ ಮೇಲೆ ರಂಗೋಲಿ, ಮರದ ಕೆಳಗೆ ಒಂದು ಹೊರಸು, ಇಷ್ಟೇ ಇತ್ತು. ಬೇಸಿಗೆಯ ಮಧ್ಯಾಹ್ನ ಓಣಿಯ ಅರ್ಧ ಜನ ಅಲ್ಲಿರುತ್ತಿದ್ದರು. ಗರಸು ಅಥವಾ ಮರಳು ಹಾಸಿ ಎರಡು ಕುರ್ಚಿ ಇಡಿ. ಸಿಮೆಂಟಿನ ಕಟ್ಟೆ ಕಟ್ಟಿಸುವುದಾದರೆ ಕಾಂಡಕ್ಕೆ ತಾಗದಂತೆ, ಒಳಗೆ ಮಣ್ಣು ತುಂಬದಂತೆ ಕಟ್ಟಿಸಿ. ಕಟ್ಟೆಯೊಳಗೆ ಮೂರಡಿ ಮಣ್ಣು ತುಂಬಿ ಕಾಂಡ ಕೊಳೆತ ಮರಗಳನ್ನು ಊರೂರಿನಲ್ಲಿ ನೋಡಿದ್ದೇನೆ.

ಪ್ಲಾಸ್ಟಿಕ್ ಹುಲ್ಲಿನ ಬಗ್ಗೆ ಕೇಳಿದ್ದೀರಿ. ಬಿಸಿಲು ಬಿದ್ದಲ್ಲಿ ಅದರ ಮೇಲೆ ಬರಿಗಾಲಿಡಲಾಗುವುದಿಲ್ಲ, ನೆರಳು ಬಿದ್ದಲ್ಲಿ ಬೇವಿನ ಹಣ್ಣಿನ ಅಂಟು, ಹಕ್ಕಿಯ ಹಿಕ್ಕೆ, ಸಣ್ಣ ಎಲೆ ಅದರ ಕೂದಲಿಗೆ ಸಿಕ್ಕಿಕೊಂಡು ಪೊರಕೆಗೆ ಬರುವುದಿಲ್ಲ. ಮದುವೆಯ ಮಂಟಪಕ್ಕೆ ಒಂದು ದಿನದ ಮಟ್ಟಿಗೆ ಚೆನ್ನಾಗಿರುತ್ತದೆ.

ಇನ್ನು ತುಳಸಿ. ಅದು ಬೇವಿನ ಕೆಳಗೆ ಬರುವುದಿಲ್ಲ, ಬಂದರೂ ಕಡ್ಡಿಯಂತೆ ಎತ್ತರಕ್ಕೆ ಹೋಗಿ ಎಲೆ ಉದುರಿಸುತ್ತದೆ. ಅದಕ್ಕೆ ಬೆಳಗಿನಿಂದ ಮಧ್ಯಾಹ್ನದವರೆಗಿನ ಬಿಸಿಲು ಬೇಕು. ನಾಳೆ ಬೆಳಿಗ್ಗೆ ಎಂಟಕ್ಕೆ ಅಂಗಳಕ್ಕಿಳಿದು ಬಿಸಿಲು ಮೊದಲು ಎಲ್ಲಿ ಬಿದ್ದಿದೆ ನೋಡಿ ಅಲ್ಲೊಂದು ಕಲ್ಲಿಡಿ. ಹನ್ನೊಂದಕ್ಕೆ ಮತ್ತೆ ಬಂದಾಗಲೂ ಆ ಕಲ್ಲು ಬಿಸಿಲಿನಲ್ಲೇ ಇದ್ದರೆ ಕಟ್ಟೆಯನ್ನು ಅಲ್ಲಿ ಕಟ್ಟಿಸಿ. ಎಲ್ಲೂ ಇಲ್ಲದಿದ್ದರೆ ತಾರಸಿಯ ಮೆಟ್ಟಿಲ ಬಳಿ ಒಂದು ದೊಡ್ಡ ಕುಂಡ ಸಾಕು. ಜಾಗವನ್ನು ಅತ್ತೆಯವರೇ ಆರಿಸಲಿ.